ಪಾಳುಗಣಿಯ ಬಾವಲಿಗಳೂ ನಮ್ಮ ಕುತೂಹಲವೂ

ಕಳೆದ ಮಾಘಮಾಸದ ಒಂದು ಬೆಳಗ್ಗೆ, ನಾನು ದ್ವಿತೀಯ ವರ್ಷದ ತರಗತಿಯಲ್ಲಿ ಹಳಗನ್ನಡ ಪದ್ಯವೊಂದರ ಅನ್ವಯವನ್ನು ಹೇಳುತ್ತಿದ್ದಾಗ, ಮಾಡಿನ ಸಂದಿಯಿಂದ ಒಂದು ಪುಟ್ಟ ಬಾವಲಿ ಒಳಗೆ ಬಿದ್ದಿತು. ಬೆಳಕಿನಲ್ಲಿ ದಿಕ್ಕುತಪ್ಪಿದ ಆ ಜೀವ ನಾಲ್ಕಾರು ಸುತ್ತು ಹಾರಿ ಕಿಟಕಿಯ ಚೌಕಟ್ಟಿಗೆ ಜೋತುಬಿತ್ತು. ಮುಂದಿನ ಸಾಲಿನವರು ಕಿರುಚಿ ಎದ್ದರು; ಹಿಂದಿನ ಸಾಲಿನವರು ನಕ್ಕರು. ಸದ್ದು ಕೇಳಿ ಓಡಿಬಂದ ಜವಾನ ಕಸಬರಿಕೆಯ ಒಂದೇ ಏಟಿಗೆ ಅದನ್ನು ಕೆಡವಿ, ಕಾಗದದಲ್ಲಿ ಎತ್ತಿಕೊಂಡು ಹೊರಕ್ಕೆ ಎಸೆದು ಬಂದ. "ಬಿಡಿ ಸಾರ್, ಬಾವಲಿ ತಾನೆ" ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಸಮಾಧಾನಪಡಿಸಿದ. ನಾನೂ ಬಿಟ್ಟೆ, ನಿಂತಿದ್ದ ಅನ್ವಯವನ್ನು ಮುಂದುವರಿಸಿದೆ. ಆದರೆ ಆ "ತಾನೆ" ಎಂಬ ಅವ್ಯಯ ಮಾತ್ರ ಅನೇಕ ದಿನ ನನ್ನ ಕಿವಿಯಲ್ಲಿ ಉಳಿಯಿತು. ಕನ್ನಡದ ವ್ಯಾಕರಣವನ್ನು ಇಪ್ಪತ್ತು ವರ್ಷ ಹೇಳಿಕೊಟ್ಟವನಿಗೆ, ಒಂದು ಜೀವವನ್ನು ಲೆಕ್ಕದಿಂದ ತೆಗೆದುಹಾಕಲು ಎರಡೇ ಅಕ್ಷರ ಸಾಕು ಎಂಬುದು ಅಂದು ಮೊದಲಿಗೆ ಹೊಳೆಯಿತು.

ಬಾವಲಿಯ ಮೇಲೆ ನಮಗಿರುವ ಅನಾದರ ಹಳೆಯದು. ಅಮರಸಿಂಹ ಅದನ್ನು ಪಕ್ಷಿಗಳ ನಡುವೆ ಸೇರಿಸಿ, 'ಜತುಕಾ' ಎಂದೂ 'ಅಜಿನಪತ್ರಾ', ಎಂದರೆ ತೊಗಲೇ ರೆಕ್ಕೆಯಾಗಿ ಉಳ್ಳದ್ದು, ಎಂದೂ ಎರಡು ಹೆಸರು ಕೊಟ್ಟು ಮುಂದೆ ಹೋದ. ನಮ್ಮ ಹಳ್ಳಿಗರು ಅದೇ ಭಾವದಲ್ಲಿ ತೊಗಲುಬಾವಲಿ ಎಂದರು. ಹೆಸರಿಟ್ಟವರ ಕಣ್ಣು ಚೆನ್ನಾಗಿಯೇ ಇತ್ತು. ಮನಸ್ಸು ಮಾತ್ರ ಹತ್ತಿರ ಹೋಗಲಿಲ್ಲ. ಮನೆಯೊಳಗೆ ಹೊಕ್ಕರೆ ಅಶುಭ, ತಲೆಗೂದಲಿಗೆ ಸಿಕ್ಕಿಕೊಳ್ಳುತ್ತದೆ, ಕಣ್ಣಿಲ್ಲ ಎಂಬ ಮಾತುಗಳನ್ನು ನಾವೆಲ್ಲ ಕೇಳಿ ಬೆಳೆದವರೇ. ಇವುಗಳಲ್ಲಿ ಒಂದೂ ನಿಜವಲ್ಲ. ಹಾರಬಲ್ಲ ಸಸ್ತನಿ ಜಗತ್ತಿನಲ್ಲಿ ಇದೊಂದೇ. ಅದಕ್ಕೆ ಕಣ್ಣೂ ಉಂಟು, ಕಣ್ಣಿಗಿಂತ ಸೂಕ್ಷ್ಮವಾದ ಕಿವಿಯೂ ಉಂಟು.

ಅಂದಿನ ಘಟನೆ ನನ್ನನ್ನು ಪುಸ್ತಕಗಳತ್ತ ಕಳಿಸಿತು. ಓದುತ್ತ ಹೋದಂತೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ನಮ್ಮ ನಾಡಿನ ಬಾವಲಿಗಳಿಗಿಂತ ಹೆಚ್ಚಾಗಿ, ಅಮೆರಿಕದ ಪಾಳುಗಣಿಗಳಲ್ಲಿ ಚಳಿಗಾಲವನ್ನು ಕಳೆಯುವ ಬಾವಲಿಗಳ ಕಥೆ ಮತ್ತು ಅವುಗಳನ್ನು ಅಭ್ಯಾಸಮಾಡುವವರ ಕಥೆ. ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ಈ ಕಥೆಯಲ್ಲಿ ಓದುವವರಿಗೂ ಓದಿಸುವವರಿಗೂ ಸೇರಿದ ಒಂದು ಪ್ರಶ್ನೆ ಇದೆ ಎಂದು ನನಗೆ ತೋರಿದುದರಿಂದ ಇದನ್ನು ಬರೆಯುತ್ತಿದ್ದೇನೆ.

ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಚಳಿಗಾಲ ಬಂದಿತೆಂದರೆ ಹಾರುವ ಹುಳುಗಳು ಇಲ್ಲವಾಗುತ್ತವೆ. ಹುಳುವನ್ನೇ ನಂಬಿದ ಬಾವಲಿಗೆ ಆಗ ಎರಡೇ ದಾರಿ: ಬೆಚ್ಚಗಿನ ದೇಶಕ್ಕೆ ಹೋಗುವುದು, ಇಲ್ಲವೆ ಶಿಶಿರನಿದ್ರೆಗೆ ಇಳಿಯುವುದು. ಎರಡನೆಯ ದಾರಿಯನ್ನು ಹಿಡಿದ ಜಾತಿಗಳಿಗೆ ನೀರು ಹೆಪ್ಪುಗಟ್ಟದಷ್ಟು ಬೆಚ್ಚಗೆ, ಮೈ ಉರಿಯದಷ್ಟು ತಣ್ಣಗೆ, ತೇವವಾಗಿ, ಕದಲದೆ ಇರುವ ಒಂದು ಸ್ಥಳ ಬೇಕು. ಪೂರ್ವದಲ್ಲಿ ಅದು ನೆಲದ ಗುಹೆಗಳಲ್ಲಿ ಸಿಕ್ಕುತ್ತಿತ್ತು. ಗುಹೆಗಳಿಗೆ ಜನ ನುಗ್ಗಿದರು. ದೀಪ ಹಾಕಿದರು, ಟಿಕೆಟ್ ಇಟ್ಟರು. ಅದೇ ಕಾಲದಲ್ಲಿ ಮನುಷ್ಯನು ಇನ್ನೊಂದು ಕಡೆ ಕಬ್ಬಿಣಕ್ಕಾಗಿ, ಸುಣ್ಣಕಲ್ಲಿಗಾಗಿ, ಸೀಸಕಡ್ಡಿಯ ಗ್ರಾಫೈಟಿಗಾಗಿ ಬೆಟ್ಟಗಳನ್ನು ಕೊರೆದು, ಲಾಭ ತೀರಿದೊಡನೆ ಬಿಟ್ಟುಹೋದನು. ಗುಹೆಯಿಂದ ಹೊರಬಿದ್ದ ಬಾವಲಿಗಳು ಗಣಿಯೊಳಗೆ ಹೊಕ್ಕವು. ನಮ್ಮ ದುರಾಸೆಯ ಉಳಿಕೆಯೇ ಅವಕ್ಕೆ ಮನೆಯಾಯಿತು.

ಈ ನಿದ್ರೆಯನ್ನು ನಾವು ನಿದ್ರೆ ಎಂದು ಕರೆಯುವುದೇ ಅಷ್ಟು ಸರಿಯಲ್ಲ. ಅಲ್ಲಿ ಒಂದು ಕಾಲಕ್ಕೆ ಅತಿ ಸಾಮಾನ್ಯವಾಗಿದ್ದ ಪುಟ್ಟ ಕಂದುಬಾವಲಿಯ ತೂಕ ಹತ್ತು ಗ್ರಾಮಿನ ಒಳಗೆ. ನಮ್ಮ ಎರಡು ನಾಣ್ಯಗಳಷ್ಟು. ಹಾರುವಾಗ ನಿಮಿಷಕ್ಕೆ ನೂರಾರು ಸಲ ಬಡಿಯುವ ಅದರ ಹೃದಯ ಚಳಿಗಾಲದ ಸುಪ್ತಿಯಲ್ಲಿ ಹತ್ತಿಪ್ಪತ್ತು ಬಡಿತಕ್ಕೆ ಇಳಿಯುತ್ತದೆ. ಮೈಯ ಬಿಸಿ ಗಣಿಯ ಗೋಡೆಯ ಬಿಸಿಗೆ ಸಮನಾಗುತ್ತದೆ. ತುಪ್ಪುಳದ ಮೇಲೆ ಹನಿಗಟ್ಟಿದ ತೇವ ದೀಪದ ಬೆಳಕಿಗೆ ಮಣಿಗಳಂತೆ ಹೊಳೆಯುತ್ತದೆ. ಶರತ್ಕಾಲದಲ್ಲಿ ಕೂಡಿಟ್ಟುಕೊಂಡ ಎರಡು ಮೂರು ಗ್ರಾಂ ಕೊಬ್ಬು, ಅದೇ ಆರು ತಿಂಗಳ ಬುತ್ತಿ. ಎರಡು ಮೂರು ವಾರಕ್ಕೊಮ್ಮೆ ಅದು ತಾನಾಗಿಯೇ ಎಚ್ಚರಗೊಂಡು ಮೈಯನ್ನು ಬಿಸಿಮಾಡಿಕೊಳ್ಳುತ್ತದೆ. ಬುತ್ತಿಯ ಬಹುಪಾಲು ಖರ್ಚಾಗುವುದು ಈ ಕೆಲವು ಗಂಟೆಗಳ ಎಚ್ಚರಕ್ಕೇ. ಒಂದು ಸಲ ಎಚ್ಚರಗೊಳ್ಳಲು ಬೇಕಾದ ಕೊಬ್ಬಿನಲ್ಲಿ ಅದು ಒಂದೆರಡು ತಿಂಗಳು ಸುಪ್ತಿಯಲ್ಲಿ ಇರಬಲ್ಲದು.

ರಾಮಾಯಣವನ್ನು ಓದಿದವರಿಗೆ ಇದು ಕೂಡಲೆ ಅರ್ಥವಾದೀತು. ಕುಂಭಕರ್ಣನಿಗೆ ಆರು ತಿಂಗಳ ನಿದ್ರೆ. ಅಕಾಲದಲ್ಲಿ ಎಬ್ಬಿಸಿದವರು ಅವನ ಬಂಧುಗಳೇ. ಎದ್ದವನು ಮತ್ತೆ ಮಲಗಲಿಲ್ಲ, ರಣರಂಗದಲ್ಲಿ ಒರಗಿದನು. ಆ ದೈತ್ಯನಿಗೆ ಹೇಗೋ ಹತ್ತು ಗ್ರಾಮಿನ ಈ ಜೀವಕ್ಕೂ ಹಾಗೆಯೇ. ಅಕಾಲದ ಎಚ್ಚರ ಎಂದರೆ ಮೃತ್ಯು.

ಇಲ್ಲಿಯೇ ಅಭ್ಯಾಸಮಾಡುವವನ ಧರ್ಮಸಂಕಟ ಹುಟ್ಟುತ್ತದೆ. ಬಾವಲಿಗಳು ಎಷ್ಟಿವೆ, ಹೇಗಿವೆ ಎಂದು ತಿಳಿಯಬೇಕಾದರೆ ಅವು ಒಟ್ಟಾಗಿ ಸೇರುವ ಚಳಿಗಾಲದಲ್ಲಿಯೇ ಹೋಗಿ ಎಣಿಸಬೇಕು. ಬೇಸಗೆಯಲ್ಲಿ ಅವು ಮರದ ತೊಗಟೆಯ ಕೆಳಗೆ, ಕೊಟ್ಟಿಗೆಯ ಅಟ್ಟದಲ್ಲಿ ಚದುರಿಹೋಗಿರುತ್ತವೆ. ಎಣಿಸಲು ಹೋದರೋ, ಉಸಿರಿನ ಬಿಸಿ, ದೀಪದ ಬೆಳಕು, ಕಾಲಸಪ್ಪಳ ಇವುಗಳಿಂದಲೇ ಅವು ಎಚ್ಚರಗೊಳ್ಳುತ್ತವೆ. ತಿಳಿಯುವ ಕ್ರಿಯೆಯೇ ತಿಳಿಯಬೇಕಾದ ವಸ್ತುವನ್ನು ನೋಯಿಸುತ್ತದೆ. ಈ ಸಂಕಟಕ್ಕೆ ಆ ಅಭ್ಯಾಸಿಗಳು ಕಂಡುಕೊಂಡ ಉತ್ತರ ಸಂಯಮ. ಒಂದು ಗಣಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾತ್ರ ಹೋಗುವುದು. ಕೆಲವೇ ಜನ ಹೋಗುವುದು, ಮಾತಾಡದಿರುವುದು, ಮಂದವಾದ ದೀಪ ಹಿಡಿಯುವುದು. ಒಂದೊಂದನ್ನೂ ಎಣಿಸುತ್ತ ನಿಲ್ಲುವುದಕ್ಕೆ ಬದಲಾಗಿ ಗುಂಪಿನ ಚಿತ್ರ ತೆಗೆದು ಹೊರಬಂದು, ಚಿತ್ರದ ಮೇಲೆ ಎಣಿಸುವುದು. ಗಾಳಿಯ ಬಿಸಿ ತೇವಗಳನ್ನು ತಾನಾಗಿಯೇ ಬರೆದುಕೊಳ್ಳುವ ಪುಟ್ಟ ಯಂತ್ರವನ್ನು ಶರತ್ಕಾಲದಲ್ಲೇ ಇಟ್ಟುಬಂದು ವಸಂತದಲ್ಲಿ ತೆಗೆದುಕೊಳ್ಳುವುದು. ಕೊಳೆತ ತೊಲೆ, ಸಡಿಲಬಂಡೆ, ಕೆಟ್ಟ ಗಾಳಿ ಇವುಗಳ ಭಯ ಬೇರೆ. ಇಷ್ಟೆಲ್ಲ ಪಟ್ಟು ಕೊನೆಗೆ ಕೈಗೆ ಬರುವುದು ಒಂದು ಸಂಖ್ಯೆ. ಅದನ್ನು ಕಡತದಲ್ಲಿ ಬರೆದಿಟ್ಟು ಮತ್ತೆರಡು ವರ್ಷ ಕಾಯಬೇಕು.

ಇಂಥ ತಾಳ್ಮೆಗೆ ಆ ದೇಶದಲ್ಲಿ ಒಂದು ಪರಂಪರೆಯಿದೆ. ಬಾವಲಿ ಕತ್ತಲೆಯಲ್ಲಿ ಹೇಗೆ ದಾರಿ ಕಾಣುತ್ತದೆ ಎಂಬ ಪ್ರಶ್ನೆಯನ್ನು 1790ರ ದಶಕದಲ್ಲಿಯೇ ಇಟಲಿಯ ಸ್ಪಲ್ಲಾಂಜಾನಿ ಎತ್ತಿದ್ದನು. ಕಣ್ಣು ಹೋದರೂ ಅದು ಎಡವದೆ ಹಾರುವುದನ್ನು ಅವನು ಕಂಡನು. ಕಿವಿ ಮುಚ್ಚಿದರೆ ಎಡವುತ್ತದೆಂದು ಜಿನೀವದ ಝೂರೀನ್ ತೋರಿಸಿದನು. ಜಗತ್ತು ನಂಬಲಿಲ್ಲ. 1930ರ ದಶಕದಲ್ಲಿ ಹಾರ್ವರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ನ್ಯೂ ಇಂಗ್ಲೆಂಡಿನ ಬಾವಲಿಗಳಿಗೆ ಪುಟ್ಟ ಲೋಹದ ಪಟ್ಟಿ ತೊಡಿಸಿ ಬಿಡುತ್ತಿದ್ದನು. ಆ ಕೆಲಸದಿಂದ ಮುಂದೆ ನಡೆದು, ರಾಬರ್ಟ್ ಗಲಾಂಬೋಸ್ ಎಂಬ ಸಹಪಾಠಿಯೊಡನೆ, ಬಾವಲಿ ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ ಕೂಗಿ ಅದರ ಮಾರ್ದನಿಯಿಂದ ದಾರಿ ಅರಿಯುತ್ತದೆ ಎಂದು ಸಿದ್ಧಪಡಿಸಿದನು. ಪಟ್ಟಿ ತೊಡಿಸುವ ಕೆಲಸ ಇತರರಿಂದಲೂ ದಶಕಗಟ್ಟಲೆ ಮುಂದುವರಿದು, ಈ ಅಂಗೈಯಗಲದ ಜೀವಿ ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲದೆಂಬ ಆಶ್ಚರ್ಯ ಹೊರಬಿತ್ತು. ಒಂದು ಇಲಿ ಎರಡು ವರ್ಷ ಬದುಕಿದರೆ ಹೆಚ್ಚು.

ಆ ಕಾಲದಲ್ಲಿ ಯಾರಾದರೂ ಗ್ರಿಫಿನ್ನನನ್ನು "ಇದರಿಂದ ಏನು ಪ್ರಯೋಜನ?" ಎಂದು ಕೇಳಿದ್ದರೆ ಅವನ ಬಳಿ ದೊಡ್ಡ ಉತ್ತರ ಇರುತ್ತಿರಲಿಲ್ಲ. ಗಣಿಯಲ್ಲಿ ಬಾವಲಿ ಎಣಿಸುವವನನ್ನು ಕೇಳಿದ್ದರಂತೂ ಏನೂ ಇರುತ್ತಿರಲಿಲ್ಲ. ಉತ್ತರ ಬಂದಿತು, ಆದರೆ ಬರಬಾರದ ರೀತಿಯಲ್ಲಿ ಬಂದಿತು.

2006ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿಯ ಬಳಿಯ ಒಂದು ಗುಹೆಯಲ್ಲಿ ತೆಗೆದ ಛಾಯಾಚಿತ್ರದಲ್ಲಿ ನಿದ್ರಿಸುವ ಬಾವಲಿಗಳ ಮೂಗಿನ ಮೇಲೆ ಹಿಟ್ಟು ಮೆತ್ತಿದಂತೆ ಬಿಳಿಯ ಬೂಷ್ಟು ಕಾಣಿಸಿತು. ಮರುವರ್ಷದ ಹೊತ್ತಿಗೆ ಹತ್ತಿರದ ಗುಹೆಗಳಲ್ಲಿ ನೆಲದ ತುಂಬ ಸತ್ತ ಬಾವಲಿಗಳು. ಹಗಲುಹೊತ್ತು, ಮಂಜಿನ ಮೇಲೆ, ಹುಳುವಿಲ್ಲದ ಆಕಾಶದಲ್ಲಿ ಬಾವಲಿಗಳು ಹಾರಿ ಬೀಳುತ್ತಿದ್ದವು. ಬಿಳಿಮೂಗಿನ ರೋಗ ಎಂದು ಅದಕ್ಕೆ ಹೆಸರಾಯಿತು. ಚಳಿಯಲ್ಲಿಯೇ ಬೆಳೆಯುವ ಒಂದು ಶಿಲೀಂಧ್ರವೇ ಇದಕ್ಕೆ ಕಾರಣವೆಂದು 2011ರಲ್ಲಿ ನಿಸ್ಸಂದೇಹವಾಗಿ ಸಿದ್ಧವಾಯಿತು. ಯೂರೋಪಿನ ಗುಹೆಗಳಲ್ಲಿ ಅದು ಬಹುಕಾಲದಿಂದ ಇದ್ದು, ಅಲ್ಲಿನ ಬಾವಲಿಗಳು ಅದನ್ನು ತಾಳಿಕೊಂಡು ಬದುಕುತ್ತವೆ. ಸಾಗರವನ್ನು ಅದು ದಾಟಿದುದು ಯಾರದೋ ಬೂಟಿನ ಅಥವಾ ಬಟ್ಟೆಯ ಮೇಲೆ ಕುಳಿತೇ ಇರಬೇಕೆಂಬುದು ಬಲವಾದ ಊಹೆ. ಅದು ಕೊಲ್ಲುವ ಬಗೆಯೂ ವಿಚಿತ್ರ. ರೆಕ್ಕೆಯ ತೊಗಲನ್ನು ತಿಂದು ಮೈಯ ನೀರು ಲವಣಗಳ ಸಮತೂಕವನ್ನು ಕೆಡಿಸಿ, ಬಾವಲಿಯನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಬುತ್ತಿ ಜನವರಿಗೇ ಮುಗಿಯುತ್ತದೆ. ವಸಂತ ಏಪ್ರಿಲಿಗೆ ಬರುತ್ತದೆ.

ನ್ಯೂಯಾರ್ಕಿನ ಹೇಗ್ ಎಂಬ ಊರಿನ ಹತ್ತಿರ ಹಳೆಯ ಗ್ರಾಫೈಟ್ ಗಣಿಯೊಂದಿದೆ. ಒಂದು ಕಾಲಕ್ಕೆ ಆ ಸಂಸ್ಥಾನದಲ್ಲಿ ಬಾವಲಿಗಳ ಅತಿ ದೊಡ್ಡ ಚಳಿಮನೆ ಅದಾಗಿತ್ತು. ರೋಗಕ್ಕೆ ಮುಂಚೆ ಅಲ್ಲಿ ಸುಮಾರು 1,85,000 ಬಾವಲಿಗಳಿದ್ದವು. ಕೆಲವೇ ಚಳಿಗಾಲಗಳಲ್ಲಿ ಅವು ಎರಡು ಸಾವಿರದ ಆಸುಪಾಸಿಗೆ ಇಳಿದವು. 2012ರಲ್ಲಿ ಅಲ್ಲಿನ ಸರ್ಕಾರ ಹೇಳಿದ ಅಂದಾಜಿನಂತೆ, ಒಟ್ಟು 57 ಲಕ್ಷದಿಂದ 67 ಲಕ್ಷ ಬಾವಲಿಗಳು ಆಗಲೇ ಸತ್ತಿದ್ದವು. ಮೂರು ಜಾತಿಗಳು ಹತ್ತು ವರ್ಷದ ಒಳಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಾಗಿ ನಶಿಸಿದುವೆಂದು 2021ರ ಅಧ್ಯಯನವೊಂದು ತಿಳಿಸಿತು. ತಾಯಿ ವರ್ಷಕ್ಕೆ ಒಂದೇ ಮರಿ ಹೆರುವ ಜೀವಕ್ಕೆ ಈ ನಷ್ಟವನ್ನು ತುಂಬಿಕೊಳ್ಳಲು ಎಷ್ಟು ತಲೆಮಾರು ಬೇಕು!

ಈಗ ವಾಚಕರು ಒಂದು ವಿಷಯವನ್ನು ಗಮನಿಸಬೇಕು. 1,85,000 ಎಂಬ ಸಂಖ್ಯೆಯನ್ನು ನಾವು ಇಂದು ಹೇಳಬಲ್ಲೆವಾದರೆ, ಯಾವ ಪ್ರಯೋಜನವನ್ನೂ ಎಣಿಸದೆ ಆ ತಣ್ಣನೆಯ ಸುರಂಗದಲ್ಲಿ ತೆವಳಿ ಎಣಿಸಿದವರು ಇದ್ದುದರಿಂದ. ಅವರಿಲ್ಲದಿದ್ದರೆ "ಮೊದಲು ಬಹಳ ಇದ್ದವು, ಈಗ ಕಾಣುತ್ತಿಲ್ಲ" ಎಂಬ ಮುದುಕರ ಮಾತು ಮಾತ್ರ ಉಳಿಯುತ್ತಿತ್ತು. ನಷ್ಟವನ್ನು ಅಳೆಯಲು ಇದ್ದಾಗಲೇ ಅಳೆದಿಟ್ಟಿರಬೇಕು. ತಾಳೆಗರಿಯ ಗ್ರಂಥಗಳ ವಿಷಯದಲ್ಲಿ ನಾವು ಇದನ್ನು ತಡವಾಗಿ ಕಲಿತೆವು. ಯಾವ ಮಠದ ಅಟ್ಟದಲ್ಲಿ ಎಷ್ಟು ಕಟ್ಟುಗಳಿದ್ದವೆಂದು ಬರೆದಿಟ್ಟವರು ಇದ್ದಲ್ಲಿ ಇಂದು ಏನು ಹೋಯಿತೆಂದಾದರೂ ತಿಳಿಯುತ್ತದೆ. ಬರೆದಿಡದಲ್ಲಿ, ಹೋದದ್ದೂ ಗೊತ್ತಿಲ್ಲ, ಇದ್ದದ್ದೂ ಗೊತ್ತಿಲ್ಲ.

ಪ್ರಯೋಜನವನ್ನೇ ಕೇಳುವವರಿಗೂ ಈಗ ಉತ್ತರವಿದೆ. ಬಾವಲಿಗಳು ಹುಳುಗಳನ್ನು ತಿಂದು ಅಮೆರಿಕದ ಬೇಸಾಯಕ್ಕೆ ಉಳಿಸಿಕೊಡುವ ಹಣ ವರ್ಷಕ್ಕೆ ಕಡಿಮೆಯೆಂದರೂ 370 ಕೋಟಿ ಡಾಲರೆಂದು 2011ರಲ್ಲಿ ಲೆಕ್ಕಹಾಕಿದರು. 2024ರಲ್ಲಿ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ ಪ್ರಕಟಿಸಿದ ಲೇಖನ ಇನ್ನೂ ಮುಂದೆ ಹೋಯಿತು. ರೋಗದಿಂದ ಬಾವಲಿಗಳು ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ನೂರಕ್ಕೆ 31ರಷ್ಟು ಹೆಚ್ಚಿಸಿದರೆಂದೂ, ಅದೇ ಜಿಲ್ಲೆಗಳಲ್ಲಿ ಅಪಘಾತಾದಿಗಳನ್ನು ಬಿಟ್ಟು ಉಳಿದ ಕಾರಣಗಳಿಂದಾದ ಶಿಶುಮರಣ ನೂರಕ್ಕೆ ಸುಮಾರು 8ರಷ್ಟು ಏರಿತೆಂದೂ ಆ ಲೇಖನ ಹೇಳುತ್ತದೆ. ಗಣಿಯ ಮಾಡಿನಲ್ಲಿ ಜೋತುಬಿದ್ದ ಒಂದು ತೊಗಲುಹಕ್ಕಿಗೂ ಹೊಲದಾಚೆಯ ತೊಟ್ಟಿಲಿಗೂ ನಡುವೆ ಕಾಣದ ಒಂದು ನೂಲು ಇತ್ತು. ಅದು ಹರಿದ ಮೇಲೆಯೇ ಕಣ್ಣಿಗೆ ಬಿತ್ತು.

ಆದರೂ ಬಾವಲಿಯ ಪರವಾಗಿ ವಾದಿಸುವಾಗ ಈ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಕನ್ನಡ ವಿಭಾಗಗಳನ್ನೂ ಜನ ಇದೇ ಪ್ರಶ್ನೆಯಿಂದ ಅಳೆಯುತ್ತಾರೆ: ಹಳಗನ್ನಡ ಓದಿ ಏನು ಪ್ರಯೋಜನ? ಹಣದ ಲೆಕ್ಕದಲ್ಲಿ ಉತ್ತರ ಕೊಡಹೊರಟವನು ಆ ಲೆಕ್ಕದಲ್ಲಿಯೇ ಸೋಲುತ್ತಾನೆ. ಏಕೆಂದರೆ ನಾಳೆ ಇನ್ನೊಬ್ಬನು ಅಗ್ಗದ ಬೆಲೆಗೆ ಇನ್ನೊಂದನ್ನು ತರುತ್ತಾನೆ. ಪ್ರಯೋಜನ ಎಂದೂ ಜ್ಞಾನದ ಹಿಂದೆ ನಡೆಯುತ್ತದೆ, ಅನೇಕ ವೇಳೆ ಬಹುದೂರ ಹಿಂದೆ. ಅದು ಬರುವವರೆಗೆ ಜ್ಞಾನವನ್ನು ಕಾಯುವವರು ಯಾರಾದರೂ ಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದುದೇ. ಕಾಲಸಪ್ಪಳವೇ ಕೊಲ್ಲುವುದಾದರೆ, ರೋಗವೇ ಬೂಟಿನ ಮೇಲೆ ಬಂದುದಾದರೆ, ಬಾವಲಿಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡುವುದೇ ಮೇಲಲ್ಲವೆ? ಅಭ್ಯಾಸಿಯೂ ಒಬ್ಬ ಅತಿಕ್ರಮಿಯೇ ಅಲ್ಲವೆ? ಈ ಆಕ್ಷೇಪವನ್ನು ನಾನು ಬಹಳ ಹೊತ್ತು ಯೋಚಿಸಿದೆ. ಅದಕ್ಕೆ ಉತ್ತರ ಪಾಳುಗಣಿಯ ಬಾಯಲ್ಲಿಯೇ ಇದೆ. ಹಳೆಯ ಗಣಿಯಲ್ಲಿ ಮಕ್ಕಳು ಬಿದ್ದು ಸಾಯುತ್ತಾರೆಂದು ಅಲ್ಲಿನ ಅಧಿಕಾರಿಗಳು ಸಾವಿರಾರು ಗಣಿಗಳ ಬಾಯನ್ನು ಮಣ್ಣು ಕಲ್ಲು ತುಂಬಿ ಮುಚ್ಚಿಸಿದರು. ಅವರದು ದುರುದ್ದೇಶವಲ್ಲ. ಆದರೆ ಒಳಗೆ ಯಾರಿದ್ದಾರೆಂದು ಕೇಳುವವರಿಲ್ಲದೆಡೆ, ನಿದ್ರಿಸುತ್ತಿದ್ದ ಬಾವಲಿಗಳ ಸಮೂಹ ಜೀವಂತ ಸಮಾಧಿಯಾದುದುಂಟು. ಮುಚ್ಚುವ ಮುಂಚೆ ಒಳಹೊಕ್ಕು ನೋಡಬೇಕೆಂಬ ಪದ್ಧತಿ, 1990ರ ದಶಕದಿಂದೀಚೆಗೆ ಬಾವಲಿಗಳ ಅಭ್ಯಾಸಿಗಳ ಹಟದಿಂದ ಬೆಳೆಯಿತು. ಈಗ ಅಂಥ ಗಣಿಗಳಿಗೆ ಗೋಡೆಯ ಬದಲು ಉಕ್ಕಿನ ಅಡ್ಡಸರಳುಗಳ ಬಾಗಿಲನ್ನು ಇಡುತ್ತಾರೆ. ಸರಳು ಸರಳಿನ ನಡುವೆ ಐದೂಮುಕ್ಕಾಲು ಅಂಗುಲ ಬಿಡುತ್ತಾರೆ. ಬಾವಲಿ ಹಾರಿಹೋಗಬಹುದು, ಗಾಳಿ ಆಡಬಹುದು, ಮನುಷ್ಯ ನುಸುಳಲಾರ. ಆ ಐದೂಮುಕ್ಕಾಲು ಅಂಗುಲವನ್ನು ಕಂಡುಕೊಳ್ಳಲು ಯಾರೋ ಬಾವಲಿ ಹಾರುವುದನ್ನು ಎಷ್ಟು ರಾತ್ರಿ ನೋಡಿದ್ದಿರಬೇಕು! ತಿಳಿಯದೆ ದೂರವಿರುವುದು ಉಪೇಕ್ಷೆ. ತಿಳಿದು ದೂರವಿರುವುದು ಗೌರವ. ಇವೆರಡೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತವೆ. ಒಳಗಿರುವ ಜೀವಕ್ಕೆ ಮಾತ್ರ ವ್ಯತ್ಯಾಸ ಗೊತ್ತು. ಹಾಗೆಂದು ಅಭ್ಯಾಸಿಯು ನಿರ್ದೋಷಿಯೆಂದು ನಾನು ಹೇಳುವುದಿಲ್ಲ. ಅವನು ತನ್ನ ಹೆಜ್ಜೆಯ ಬೆಲೆಯನ್ನು ಬಲ್ಲವನು, ಅಷ್ಟೆ. ಆದಕಾರಣವೇ ಒಂದು ಗಣಿಯಿಂದ ಹೊರಬಂದೊಡನೆ ಬಟ್ಟೆ ಬೂಟುಗಳನ್ನೆಲ್ಲ ಶುದ್ಧಿಮಾಡಿಯೇ ಇನ್ನೊಂದರತ್ತ ಹೋಗುತ್ತಾನೆ.

ಮಿಸೌರಿ ಸಂಸ್ಥಾನದ ಹ್ಯಾನಿಬಲ್ ಎಂಬ ಊರು ಮಾರ್ಕ್ ಟ್ವೈನನ ಬಾಲ್ಯದ ಊರು. ಟಾಮ್ ಸಾಯರನೂ ಬೆಕಿಯೂ ದಾರಿತಪ್ಪಿದ ಗುಹೆಯನ್ನು ಓದಿದವರು ಮರೆತಿರಲಾರರು. ಬಾವಲಿಯ ರೆಕ್ಕೆ ಬಡಿದು ಬೆಕಿಯ ದೀಪ ಆರಿಹೋದುದೂ ಅಲ್ಲಿಯೇ. ಅದೇ ಊರಿನಲ್ಲಿ ಕೈಬಿಟ್ಟ ಸುಣ್ಣಕಲ್ಲಿನ ಗಣಿಯೊಂದರಲ್ಲಿ, ಅಳಿವಿನ ಅಂಚಿನ ಇಂಡಿಯಾನಾ ಬಾವಲಿಗಳು ಅಪಾರ ಸಂಖ್ಯೆಯಲ್ಲಿ ಮಲಗುತ್ತವೆಂದು 2012ರಲ್ಲಿ ಬೆಳಕಿಗೆ ಬಂದಿತು. ಮುಂದಿನ ಎಣಿಕೆಗಳಲ್ಲಿ ಅವು ಎರಡು ಲಕ್ಷದ ಸಮೀಪಕ್ಕೆ ಬಂದುವು. ಎಂದರೆ ಜಗತ್ತಿನಲ್ಲಿರುವ ಆ ಜಾತಿಯ ಸುಮಾರು ಮೂರರಲ್ಲಿ ಒಂದು ಪಾಲು. ಊರವರು ಗಣಿಯ ಬಾಯಿಗಳಿಗೆ ಸರಳುಬಾಗಿಲು ಇಡಿಸಿ, 2016ರಲ್ಲಿ ಅದನ್ನು ಸೊಡಾಲಿಸ್ ರಕ್ಷಿತವನವೆಂದು ತೆರೆದರು. 'ಸೊಡಾಲಿಸ್' ಎಂಬುದು ಆ ಬಾವಲಿಯ ಲ್ಯಾಟಿನ್ ಹೆಸರಿನ ಒಂದು ಭಾಗ; 'ಒಡನಾಡಿ' ಎಂದು ಅದರ ಅರ್ಥ. ಚಳಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗುವುದರಿಂದ ಅದಕ್ಕೆ ಆ ಹೆಸರು ಒಪ್ಪಿದೆ. ಒಂದು ಕಾಲಕ್ಕೆ ಬಾವಲಿ ಹುಡುಗಿಯ ದೀಪವನ್ನು ಆರಿಸಿದ ಊರಿನಲ್ಲಿ ಈಗ ಊರಿನವರು ಬಾವಲಿಗಾಗಿ ದೀಪವನ್ನು ಹೊರಗೆ ನಿಲ್ಲಿಸಿದ್ದಾರೆ.

ನಮ್ಮ ನಾಡಿನ ಮಾತೇನು? ನಮ್ಮಲ್ಲಿ ಹಿಮವಿಲ್ಲ; ನಮ್ಮ ಬಾವಲಿಗಳಿಗೆ ಆ ಆರು ತಿಂಗಳ ನಿದ್ರೆಯ ಅಗತ್ಯವೂ ಇಲ್ಲ. ಆದರೆ ಕಲ್ಲು ತೆಗೆಯುವುದರಲ್ಲಿ ನಾವು ಯಾರಿಗೂ ಕಡಮೆಯಿಲ್ಲ. ಕೋಲಾರ ಎಂದೊಡನೆ ನಮಗೆ ಚಿನ್ನದ ಗಣಿ ನೆನಪಾಗುತ್ತದೆ. ಮೂರು ಕಿಲೋಮೀಟರಿಗೂ ಆಳವಾಗಿ ಇಳಿದ ಆ ಗಣಿ 2001ರಲ್ಲಿ ಮುಚ್ಚಿತೆಂಬುದನ್ನು ಎಲ್ಲರೂ ಬಲ್ಲರು. ಅದೇ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗವಿಯೊಂದರಲ್ಲಿ ಜಗತ್ತಿನ ಬೇರೆಲ್ಲಿಯೂ ಕಾಣದ ಒಂದು ಬಾವಲಿ ಇದೆಯೆಂಬುದನ್ನು ಎಷ್ಟು ಜನ ಬಲ್ಲರು? ಅದು ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನಕ್ಕೆ ಅದರ ಪರಿಚಯವಾದುದು 1994ರಲ್ಲಿ. ಮುಂದೆ ಹುಡುಕಿದವರಿಗೆ ಸಿಕ್ಕಿದವು ಇನ್ನೂರರ ಒಳಗೆ. ಸುತ್ತ ಗ್ರಾನೈಟ್ ಕಲ್ಲಿಗಾಗಿ ಬಂಡೆಗಳನ್ನು ಒಡೆಯುತ್ತಿದ್ದರು. ಹೋಗಿ ನೋಡಿದವರು ಇದ್ದುದರಿಂದ ಅದು ಇದೆಯೆಂದಾದರೂ ಗೊತ್ತಾಯಿತು, ಅಳಿವಿನ ಅತ್ಯಂತ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು, ಅದನ್ನು ಉಳಿಸುವ ಮಾತು ಹುಟ್ಟಿತು. ಹೋಗಿ ನೋಡದ ಗವಿಗಳಲ್ಲಿ ಏನಿದ್ದಿತು, ಏನು ಜಲ್ಲಿಯಾಗಿ ರಸ್ತೆಯ ಕೆಳಗೆ ಸೇರಿತು ಎಂಬುದಕ್ಕೆ ಕಡತವಿಲ್ಲ.

ನಮ್ಮ ನಾಡಿನ ಕಾಲೇಜುಗಳಲ್ಲಿ ಬೆಟ್ಟವೋ ಗವಿಯೋ ಹಾಳುಬಿದ್ದ ಕಟ್ಟಡವೋ ಹತ್ತಿರವಿಲ್ಲದ ಕಾಲೇಜು ಅಪರೂಪ. ಪ್ರಾಣಿಶಾಸ್ತ್ರದ ಅಧ್ಯಾಪಕರೂ ನಾಲ್ಕು ವಿದ್ಯಾರ್ಥಿಗಳೂ ಸಂಜೆ ಗವಿಯ ಹೊರಗೆ ದೂರದಲ್ಲಿ ಕುಳಿತು, ಒಳಗೆ ಹೋಗದೆ, ಹೊರಬರುವ ಬಾವಲಿಗಳನ್ನು ಎಣಿಸಿ ವರ್ಷ ವರ್ಷವೂ ಒಂದು ಪುಸ್ತಕದಲ್ಲಿ ಬರೆದಿಡಲು ದೊಡ್ಡ ಹಣ ಬೇಡ. ಕನ್ನಡದವರೂ ಜೊತೆಗೆ ಹೋಗಬಹುದು. ಆ ಗವಿಗೆ, ಆ ಜೀವಕ್ಕೆ ಆ ಊರಿನವರು ಏನು ಹೆಸರಿಟ್ಟಿದ್ದಾರೆಂದು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು. ಹೆಸರೂ ಸಂಖ್ಯೆಯೂ ಒಂದೇ ಪುಟದಲ್ಲಿ ಕುಳಿತರೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇರೆ ಬೇಕಿಲ್ಲ.

ಅಮೆರಿಕದ ಗಣಿಗಳಿಂದ ಈಚೆಗೆ ಬರುವ ಸುದ್ದಿಯಲ್ಲಿ ಸಣ್ಣದೊಂದು ಭರವಸೆ ಇದೆ. ಕೆಲವೆಡೆ ಅಳಿದುಳಿದ ಪುಟ್ಟ ಕಂದುಬಾವಲಿಗಳು ಚಳಿಗಾಲಕ್ಕೆ ಮುಂಚೆ ಹೆಚ್ಚು ಕೊಬ್ಬು ಕೂಡಿಸಿಕೊಂಡು, ರೋಗದ ನಡುವೆಯೂ ವಸಂತವನ್ನು ಕಾಣುತ್ತಿವೆ. ಹಳೆಯ ತೂಕಗಳನ್ನು ಬರೆದಿಟ್ಟಿದ್ದುದರಿಂದ ಹೊಸ ತೂಕ ಹೆಚ್ಚೆಂದು ತಿಳಿಯಿತು.

ನಮ್ಮ ತರಗತಿಯ ಮಾಡಿನ ಸಂದಿ ಇನ್ನೂ ಹಾಗೆಯೇ ಇದೆ. ಇನ್ನೊಂದು ಬಾವಲಿ ಬಿದ್ದರೆ ಏನು ಮಾಡಬೇಕೆಂದು ಜವಾನನಿಗೆ ಹೇಳಿದ್ದೇನೆ: ದೀಪ ಆರಿಸಿ, ಕಿಟಕಿ ತೆರೆದು, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆಗಲಿ ಸಾರ್" ಎಂದ. ವಿದ್ಯಾರ್ಥಿಗಳಿಗೆ ನಾನಿನ್ನೂ ಏನೂ ಹೇಳಿಲ್ಲ. "ಬಾವಲಿ ತಾನೆ" ಎಂದ ಹುಡುಗ ಈ ಪುಟವನ್ನು ಓದುತ್ತಾನೆಂದು ಬಲ್ಲೆ. ಅಂದು ನಾನು ಬಿಟ್ಟ ಮಾತನ್ನು ಇಂದು ಅವನಿಗಾಗಿ ಹೇಳಿ ಮುಗಿಸಿದ್ದೇನೆ.